ಮಾರ್ಕೋನಹಳ್ಳಿ ಕಡಲಲ್ಲಿ ಕೈ ಮುಟ್ಟದ ಕ್ರೇನು

ಸಮಸ್ತ ನಾಗರಿಕರ ಗಮನಕ್ಕೆ. ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಗೋಸಲ ಹಾಯ್ಸ್ಟ್ಸ್ ಅಂಡ್ ಕಂಟ್ರೋಲ್ಸ್ ಕಂಪನಿಯಲ್ಲಿ ಇದೇ ಸೋಮವಾರದಿಂದ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕೊಡುವ ಪದ್ಧತಿಯನ್ನು ಕೊನೆಗೊಳಿಸಿ, ಬಿಳಿ ಪಿಂಗಾಣಿಯ ಕಪ್ಪಿನಲ್ಲಿ, ಸಾಸರ್ ಸಮೇತ ಕೊಡಲಾಗುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಆಡಳಿತ ಮಂಡಳಿ ಎಂದರೆ ಮಾಲೀಕ ಕೃಷ್ಣಕುಮಾರ್. ಮಂಡಳಿಯ ಉಳಿದ ಸದಸ್ಯರೂ ಅವರೇ. ಕಪ್ಪು ಅಂತ ಕರೆದು ಬಿಳೀದು ಯಾಕೆ ತಂದ್ರಿ ಸಾರ್ ಎಂದು ಕೇಳಿದ ಫಿಟ್ಟರ್ ಗಂಗಾಧರನಿಗೆ ಆವತ್ತು ಎರಡರಲ್ಲೂ ಕಾಫಿ ಸಿಗಲಿಲ್ಲ.

ಈ ಐತಿಹಾಸಿಕ ಘೋಷಣೆಯನ್ನು ಟೈಪ್ ಮಾಡಿ ಗೋಡೆಗೆ ಅಂಟಿಸುವ ಭಾಗ್ಯ ಕಂಪನಿಯ ಏಕೈಕ ಕಂಟ್ರೋಲ್ ಎಂಜಿನಿಯರ್ ಮಾನಸಾಳದಾಗಿತ್ತು.

"ಸಮುದ್ರದ ಕಡೆಯವ್ರು ಬರ್ತಾವ್ರೆ ಕಣಮ್ಮ," ಎಂದರು ಕೃಷ್ಣಕುಮಾರ್. "ಅವ್ರು ಲೋಟದಲ್ಲಿ ಕುಡಿಯಲ್ಲ."

"ಅವ್ರು ಬರೋದು ಕ್ರೇನ್ ನೋಡಕ್ಕೆ ಸಾರ್."

"ಕ್ರೇನ್ ನೋಡೋಕ್ಕಿಂತ ಮುಂಚೆ ಕಾಫಿ ಕುಡೀತಾರಲ್ಲ? ಮೊದಲ್ನೇ ಅಭಿಪ್ರಾಯ ಅನ್ನೋದು ಬಾಯಿಂದ ಶುರುವಾಗ್ತದೆ."

ಮಾನಸಾ ಗುಬ್ಬಿಯ ಹುಡುಗಿ. ಅವಳ ನೆಂಟರ ಪ್ರಕಾರ ಗುಬ್ಬಿಯಲ್ಲಿ ಎಂಜಿನಿಯರ್ ಆಗಿ ಹುಟ್ಟಿದವರಿಗೆ ಒಂದೇ ಮೋಕ್ಷ, ಅದು ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿ. ಮನೆ ಪಕ್ಕದ ಮೋಕ್ಷ ಬಿಟ್ಟು ದಿನಾ ಬಸ್ಸು ಹತ್ತಿ ಹಿರೇಹಳ್ಳಿಗೆ ಹೋಗುವ ಈ ಹುಡುಗಿಯ ಕೆಲಸವೇನೆಂದು ಅವರಿಗೆ ಅರ್ಥವಾಗಿರಲಿಲ್ಲ. "ಹೆಲಿಕಾಪ್ಟರಿಗೂ ರೆಕ್ಕೆ, ನಿನ್ ಗಾಳಿಯಂತ್ರಕ್ಕೂ ರೆಕ್ಕೆ. ಅದು ಹಾರ್ತದೆ, ನಿಂದ್ಯಾಕೆ ನಿಂತಲ್ಲೇ ಸುತ್ತುತ್ತದೆ?" ಎಂದು ಸೋದರತ್ತೆ ಒಮ್ಮೆ ಕೇಳಿದ್ದರು. ನೆಂಟರ ಮನೆಯ ಮದುವೆಗಳಿಗೆ ಹೋಗುವುದನ್ನು ಮಾನಸಾ ಬಿಟ್ಟದ್ದು ಆಮೇಲೆ.

ಕೆಲಸವೇನೋ ಸರಳ. ಈಗ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಯಂತ್ರಗಳನ್ನು ಸಮುದ್ರದೊಳಗೆ ನಿಲ್ಲಿಸುತ್ತಾರೆ. ಕಂಬ ನೀರಿನ ತಳಕ್ಕೆ ಊರಿ ನಿಂತಿರುತ್ತದೆ, ಕ್ರೇನು ಮಾತ್ರ ಹಡಗಿನ ಮೇಲೆ. ಅಲೆಗೆ ಹಡಗು ಅಲುಗುತ್ತದೆ, ಹಡಗಿನೊಂದಿಗೆ ಕ್ರೇನು ತೂಗುತ್ತದೆ, ಕ್ರೇನಿನ ತುದಿಯಲ್ಲಿ ತೆಂಗಿನ ಮರಕ್ಕಿಂತ ಉದ್ದದ ರೆಕ್ಕೆ ತೊಟ್ಟಿಲಾಡುತ್ತದೆ. ಆ ರೆಕ್ಕೆಯ ಬುಡದ ಬೋಲ್ಟುಗಳನ್ನೆಲ್ಲ ಕಂಬದ ತಲೆಯ ತೂತುಗಳಿಗೆ ಸರಿಯಾಗಿ ಕೂರಿಸಬೇಕು. ಕುಣಿಗಲ್ ಬಸ್ಸಿನಲ್ಲಿ ನಿಂತುಕೊಂಡು ಸೂಜಿಗೆ ದಾರ ಪೋಣಿಸುವ ಕೆಲಸ. ರೆಕ್ಕೆ ಆ ಕಡೆ ಈ ಕಡೆ ಹೋಗದಂತೆ ಮನುಷ್ಯರು ಹಗ್ಗ ಹಿಡಿದು ಕೆಳಗೆ ನಿಂತಿರುತ್ತಾರೆ. ಗಾಳಿ ಜೋರಾದರೆ ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ಅದಲು ಬದಲಾಗುತ್ತದೆ.

ಮಾನಸಾಳ ಅಪ್ಪ ಚಿಕ್ಕರಂಗಯ್ಯ ಒಂದು ಕಾಲದಲ್ಲಿ ಹಾಗೆ ಹಗ್ಗ ಹಿಡಿದವರು. ಸಮುದ್ರದಲ್ಲಲ್ಲ, ಚಿತ್ರದುರ್ಗದ ಕಡೆಯ ಗುಡ್ಡದ ಮೇಲೆ. ಗಾಳಿ ರೆಕ್ಕೆಯನ್ನು ಎಳೆಯಿತು, ರೆಕ್ಕೆ ಹಗ್ಗವನ್ನು ಎಳೆಯಿತು, ಹಗ್ಗ ಅವರ ಬಲಗೈಯ ಎರಡು ಬೆರಳನ್ನು ಎಳೆದುಕೊಂಡು ಹೋಯಿತು. "ಗಾಳಿ ಮರ್ಯಾದಸ್ತ ಕಣವ್ವ," ಎನ್ನುತ್ತಿದ್ದರು ಅವರು. "ಮನುಷ್ಯರು ಬೆರಳು ಕೊಟ್ರೆ ಹಸ್ತ ನುಂಗ್ತಾರೆ. ಅದು ಹಸ್ತನೇ ಕೊಟ್ರೂ ಬೆರಳು ಮಾತ್ರ ತಗೊಂತು." ಅವರು ನಗುತ್ತಿದ್ದರು. ಮಾನಸಾ ನಗುತ್ತಿರಲಿಲ್ಲ. ಹಗ್ಗವೂ ಬೇಡ, ಹಿಡಿಯುವವರೂ ಬೇಡ, ಅಲೆ ಎಷ್ಟು ಎತ್ತಿತು ಎಂದು ಅಳೆದು ಕ್ರೇನೇ ಅಷ್ಟು ಇಳಿಯಲಿ, ರೆಕ್ಕೆ ತೂಗುವುದಕ್ಕೆ ಮುಂಚೆಯೇ ಅದನ್ನು ತಡೆಯಲಿ ಎಂದು ಅವಳು ವರ್ಷಗಟ್ಟಲೆ ಕೂತು ಒಂದು ಸ್ವಯಂಚಾಲಿತ ನಿಯಂತ್ರಣ ಪೆಟ್ಟಿಗೆ ಮಾಡಿದ್ದಳು. ಅದಕ್ಕೆ ಕೃಷ್ಣಕುಮಾರ್ 'ಸಾಗರ ಸಾರಥಿ' ಎಂದು ಹೆಸರಿಟ್ಟು, ಆ ಹೆಸರಿಟ್ಟದ್ದೇ ಅರ್ಧ ಸಂಶೋಧನೆ ಎಂಬ ಮುಖದಲ್ಲಿ ಓಡಾಡುತ್ತಿದ್ದರು.

ತಮಿಳುನಾಡಿನ ಕರಾವಳಿಯಲ್ಲಿ ಗಾಳಿಯಂತ್ರ ನೆಡಲು ಹೊರಟಿದ್ದ ಒಂದು ಕಂಪನಿ ಈ ಪೆಟ್ಟಿಗೆಗೆ ಒಂದು ಅವಕಾಶ ಕೊಟ್ಟಿತು. ಷರತ್ತುಗಳು ಕಡಿಮೆ, ಆದರೆ ಕಟ್ಟುನಿಟ್ಟು. ಪರೀಕ್ಷೆ ನೀರಿನ ಮೇಲೆ ನಡೆಯಬೇಕು. ಯಂತ್ರಗಳನ್ನು ಪರೀಕ್ಷಿಸಿ ಪಾಸು ಮಾಡುವ ಅವರ ಸರ್ವೇಯರ್ ಕಣ್ಣೆದುರು ನಡೆಯಬೇಕು. ರೆಕ್ಕೆ ಎತ್ತಿದಲ್ಲಿಂದ ಕೊಕ್ಕೆ ಕಳಚಿಕೊಳ್ಳುವವರೆಗೆ ಅದಕ್ಕೆ ಮನುಷ್ಯರ ಕೈ ತಾಗಬಾರದು. ವರ್ಷಕ್ಕೆ ಒಂದೇ ಸಲ. ಗೆದ್ದರೆ ಪೆಟ್ಟಿಗೆ ಹಡಗು ಹತ್ತುತ್ತದೆ, ಪೆಟ್ಟಿಗೆಯ ಜೊತೆ ಮಾನಸಾ ಕೂಡ. ಸೋತರೆ ಅವಳು ಹಳೆಯ ಮೇಜಿಗೆ ವಾಪಸ್ಸು, ಕೊಬ್ಬರಿ ಮಂಡಿಗಳ ಗೂಡ್ಸ್ ಲಿಫ್ಟಿಗೆ ಮೇಲೆ-ಕೆಳಗೆ ಬಟನ್ನು ಕೂರಿಸಲಿಕ್ಕೆ. ಅವಳು ಇದುವರೆಗೆ ಸಮುದ್ರವನ್ನು ನೋಡಿರಲಿಲ್ಲ. ಸಮುದ್ರದ ಲೆಕ್ಕ ಮಾತ್ರ ಅವಳಷ್ಟು ಗೊತ್ತಿದ್ದವರು ಜಿಲ್ಲೆಯಲ್ಲಿರಲಿಲ್ಲ.

"ನೀರಿಗೆ ಎಲ್ಲಿಗೆ ಹೋಗೋಣ ಸಾರ್? ಮಂಗ್ಳೂರಾ?"

"ಅಷ್ಟು ದೂರ ಯಾಕೆ? ಸಮುದ್ರ ಅಂದ್ರೇನು, ನೀರು ತಾನೆ? ಮಾರ್ಕೋನಹಳ್ಳಿ ಡ್ಯಾಮಲ್ಲಿ ಏನು, ಮಜ್ಜಿಗೆ ಇದ್ಯಾ?"

"ಅದ್ರಲ್ಲಿ ಉಪ್ಪಿಲ್ಲ ಸಾರ್."

"ಉಪ್ಪು ಊಟಕ್ಕೆ ಹಾಕಿಸ್ತೀನಿ ಬುಡಮ್ಮ."

ಹೀಗೆ ತುಮಕೂರು ಜಿಲ್ಲೆಗೆ ಕಡಲಿಲ್ಲವೆಂಬ ಕೊರಗು ಒಂದು ಮಾತಿನಲ್ಲಿ ನೀಗಿತು.

ಶೆಡ್ಡಿನಲ್ಲಿ ತಾಲೀಮು ಶುರುವಾಯಿತು. ಯಂತ್ರದಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕೈಗಳಲ್ಲಿ. ನಮ್ಮ ಕಡೆ ಒಂದು ತೂಕ ನೆಲ ಬಿಟ್ಟರೆ ಸಾಕು, ಸುತ್ತ ಇರುವ ಎಲ್ಲ ಕೈಗಳೂ ಅದರ ಹಿಂದೆಯೇ ಏಳುತ್ತವೆ. ಬೀರು ಮಹಡಿ ಹತ್ತುತ್ತಿದ್ದರೆ ದಾರಿಯಲ್ಲಿ ಹೋಗುವವನೂ ಚೀಲ ಕೆಳಗಿಟ್ಟು ಬಂದು ಒಂದು ಕೈ ಹಾಕಿ, "ಹಾಂ, ಬಿಡಿ ಬಿಡಿ ಬಿಡಿ, ಸಾಕ್" ಎಂದು ಹೇಳಿಯೇ ಮುಂದೆ ಹೋಗುತ್ತಾನೆ. ಅವನ ಕೈಯಿಂದ ಬೀರುವಿನ ತೂಕವೇನೂ ಇಳಿಯುವುದಿಲ್ಲ. ಅವನ ಮನಸ್ಸಿನದು ಇಳಿಯುತ್ತದೆ. ಕೈ ಕೊಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ, ಆ ಮಾತಿನ ಎರಡೂ ಅರ್ಥದಲ್ಲಿ.

"ಗಂಗಾಧರ್, ಮತ್ತೆ ಮುಟ್ಟಿದ್ರಿ," ಎನ್ನುತ್ತಿದ್ದಳು ಮಾನಸಾ.

"ನಾನಲ್ಲ ಮೇಡಂ, ಕೈ. ತೂಕ ಮೇಲೋಗ್ತಿದ್ರೆ ಅದು ನನ್ನ ಕೇಳ್ದೇನೇ ಹೋಯ್ತದೆ. ಇಪ್ಪತ್ತು ವರ್ಸದಿಂದ ಚೈನ್ ಪುಲ್ಲಿ ಎಳೆದಿರೋ ಕೈ, ನಿಮ್ ಸಾಪ್ಟ್‌ವೇರ್ ಅಂದ್ರೆ ಅದಕ್ಕೇನು ಗೊತ್ತು?"

ಹಾಗಾಗಿ ಮಾನಸಾ ಪೆಟ್ಟಿಗೆಗೆ ಒಂದು ಕ್ಯಾಮೆರಾ ಕಣ್ಣು ಇಟ್ಟಳು. ಕ್ರೇನಿನ ಸುತ್ತಲೂ ಕಂಬದ ಸುತ್ತಲೂ ಒಂದು ಕೆಂಪು ಗೆರೆ. ಗೆರೆಯೊಳಗೆ ಮನುಷ್ಯರು ಕಂಡರೆ ಎಲ್ಲವೂ ನಿಂತಲ್ಲೇ ನಿಲ್ಲಬೇಕು, ಸ್ಪೀಕರಿನಲ್ಲಿ ಎಚ್ಚರಿಕೆ ಬರಬೇಕು. ಎಚ್ಚರಿಕೆಯ ದನಿ ಯಾರದಾಗಬೇಕು ಎಂಬ ಬಗ್ಗೆ ಆಡಳಿತ ಮಂಡಳಿ ದೀರ್ಘವಾಗಿ ಚರ್ಚಿಸಿ, ಆಡಳಿತ ಮಂಡಳಿಯದೇ ಆಗಬೇಕೆಂದು ಒಮ್ಮತಕ್ಕೆ ಬಂತು. "ಒಳಗಡೆ ಮನುಷ್ಯರಿದ್ದಾರೆ. ಕೆಲಸವನ್ನು ನಿಲ್ಲಿಸಲಾಗಿದೆ," ಎಂದು ಕೃಷ್ಣಕುಮಾರ್ ನಾಟಕದ ರಾಜನ ಗತ್ತಿನಲ್ಲಿ ರೆಕಾರ್ಡ್ ಮಾಡಿಕೊಟ್ಟರು.

ಪರೀಕ್ಷೆಯ ಬೆಳಗ್ಗೆ ಮಾರ್ಕೋನಹಳ್ಳಿ ಹಿನ್ನೀರಿನ ದಂಡೆಯಲ್ಲಿ ಶಾಮಿಯಾನ ಎದ್ದಿತು. ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಬಿಗಿದು ಮಾಡಿದ ತೆಪ್ಪ ಹಡಗಿನ ವೇಷದಲ್ಲಿ ತೇಲುತ್ತಿತ್ತು. ಅದರ ಮೇಲೆ ಗಿಡ್ಡ ಕ್ರೇನು, ಕ್ರೇನಿನ ಕೊಕ್ಕೆಗೆ ಮಾದರಿಗೆಂದು ಮಾಡಿದ ಗಿಡ್ಡ ರೆಕ್ಕೆ. ಪಕ್ಕದಲ್ಲಿ ನೀರಿನ ತಳಕ್ಕೆ ಬಡಿದ ಕಬ್ಬಿಣದ ಕಂಬ, ದಂಡೆಯಿಂದ ಕಂಬದವರೆಗೆ ಒಂದು ಹಲಗೆ ದಾರಿ. ಗುಬ್ಬಿಯಿಂದ ಒಂದು ಟೆಂಪೋ ಜನ ಬಂದಿದ್ದರು, ಚಿಕ್ಕರಂಗಯ್ಯನೂ ಅದರಲ್ಲೇ. ಊರಿನ ಪುಟ್ಟಗಂಗಮ್ಮ ಎಮ್ಮೆಗಳ ಸಮೇತ ಬಂದು ನೋಡುತ್ತ ನಿಂತಳು.

"ಏನ್ ಸಾಮಿ ಇದು?"

"ತಾನಾಗೇ ಕೆಲಸ ಮಾಡೋ ಕ್ರೇನು ಕಣಮ್ಮ," ಎಂದರು ಕೃಷ್ಣಕುಮಾರ್. "ಯಾರೂ ಮುಟ್ಟಂಗಿಲ್ಲ."

"ಈ ಡ್ಯಾಮಿನ ಸೈಫನ್ನೂ ಅಂಗೇಯ. ಕೆರೆ ತುಂಬ್ತು ಅಂದ್ರೆ ತಾನಾಗೇ ನೀರು ಬುಡ್ತದೆ, ನಮ್ ತಾತನ ಕಾಲದಿಂದ. ಅದುಕ್ಕೆ ಯಾರೂ ಶಾಮಿಯಾನ ಹಾಕಿರ್ನಿಲ್ಲ."

ಅಷ್ಟರಲ್ಲಿ ಸರ್ವೇಯರ್ ಬಂದರು. ಸರ್ವಮಂಗಳಮ್ಮ. ಹತ್ತಿಯ ಸೀರೆ, ಕಾಲಿಗೆ ಚರ್ಮದ ಚಪ್ಪಲಿ, ಮೂವತ್ತು ವರ್ಷ ಬಂದರುಗಳಲ್ಲಿ ಕ್ರೇನು ನೋಡಿ ನೋಡಿ ತಾನೇ ನೆಟ್ಟಗಾದ ಕತ್ತು. ಹುಟ್ಟೂರು ಕುಣಿಗಲ್ ಎಂಬ ಸುದ್ದಿ ಕೃಷ್ಣಕುಮಾರರಿಗೆ ಹೇಗೋ ಸಿಕ್ಕಿತ್ತು.

"ನಮ್ಮ ಕುಣಿಗಲ್ ಹೆಣ್ಮಗಳು ಅಂತ ಕೇಳಿ ತುಂಬ ಖುಷಿ ಆಯ್ತು ಮೇಡಂ. ತವರಿಗೆ ಬಂದಂಗೆ ಅಂದ್ಕೊಳಿ."

"ತವರಿಗೇ ಬಂದಿರೋದು ಕೃಷ್ಣಕುಮಾರ್ ಅವ್ರೇ. ಆದ್ರೆ ಬರೋವಾಗ ನಿಯಮಾನ ಮನೇಲಿ ಬಿಟ್ಟು ಬಂದಿಲ್ಲ."

"ಕಾಫಿ, ಕಪ್ಪಲ್ಲಿ?"

"ಕೆಲಸ ಆದ್ಮೇಲೆ."

ಆಡಳಿತ ಮಂಡಳಿ ಟ್ರೇ ಹಿಡಿದುಕೊಂಡೇ ಹಿಂದೆ ಸರಿಯಿತು.

ಮಾನಸಾ ಸ್ವಿಚ್ಚು ಒತ್ತಿದಳು. ಕ್ರೇನು ಅಲ್ಲಾಡಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಚಲನೆ ಅಳೆಯುವ ಸೆನ್ಸರ್ ಸತ್ತಿದೆ, ಎತ್ತುವಂತಿಲ್ಲ.

ಮಾನಸಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಸೆನ್ಸರ್ ಸತ್ತಿರಲಿಲ್ಲ. ಸಮುದ್ರ ಯಾವತ್ತೂ ಸುಮ್ಮನಿರುವುದಿಲ್ಲ, ಆದ್ದರಿಂದ ಚೂರೂ ಚಲನೆ ಕಾಣದಿದ್ದರೆ ಸೆನ್ಸರ್ ಕೆಟ್ಟಿದೆ ಎಂದೇ ತಿಳಿದುಕೋ ಎಂದು ಅವಳೇ ಪೆಟ್ಟಿಗೆಗೆ ಕಲಿಸಿದ್ದಳು. ಕಡಲಿಗೆ ಹೇಳಿ ಮಾಡಿಸಿದ ಬುದ್ಧಿ. ಎದುರಿಗಿದ್ದದ್ದು ಮಾರ್ಕೋನಹಳ್ಳಿ, ಗಾಳಿಯಿಲ್ಲದ ಬೆಳಗ್ಗೆ. ನೀರು ಕನ್ನಡಿ ಹಾಸಿಟ್ಟ ಹಾಗೆ ಮಲಗಿತ್ತು.

"ಅಂದ್ರೆ ಸಮುದ್ರ ಜಾಸ್ತಿ ಒಳ್ಳೇದು ಅಂತ ನಿನ್ ಮಿಷಿನ್ನು ಮುಷ್ಕರ ಹೂಡಿದ್ಯಾ?" ಕೃಷ್ಣಕುಮಾರ್ ಅವಳ ಕಿವಿಯಲ್ಲಿ ಹಲ್ಲು ಕಡಿದರು. "ಆ ಸಾಲು ಅಳಿಸಾಕು."

ಸರ್ವಮಂಗಳಮ್ಮನ ಕಿವಿ ಬಂದರಿನ ಸದ್ದಿನಲ್ಲೂ ಪಿಸುಮಾತು ಕೇಳಿಸಿಕೊಂಡ ಕಿವಿ. "ಪ್ರೋಗ್ರಾಂ ಮುಟ್ಟಿದ್ರೆ ಅದು ಬೇರೆ ಯಂತ್ರ. ಬೇರೆ ಯಂತ್ರಕ್ಕೆ ಬೇರೆ ವರ್ಷ."

"ಹಂಗಾದ್ರೆ ಅಲೆ ಎಬ್ಬಿಸೋದೇಯ," ಎಂದ ಗಂಗಾಧರ್. ಅವನೂ ಗುಬ್ಬಿಯ ಟೆಂಪೋದವರೂ ತೆಪ್ಪ ಹತ್ತಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೆಜ್ಜೆ ಹಾಕುತ್ತ ಕುಣಿಯತೊಡಗಿದರು. ತೆಪ್ಪ ತೂಗಿತು. ಸೆನ್ಸರ್ ಪುನರ್ಜನ್ಮ ಪಡೆಯಿತು. ಮರುಕ್ಷಣವೇ ಸ್ಪೀಕರಿನಿಂದ ರಾಜವಾಣಿ ಹೊರಟಿತು: "ಒಳಗಡೆ ಮನುಷ್ಯರಿದ್ದಾರೆ. ಕೆಲಸವನ್ನು ನಿಲ್ಲಿಸಲಾಗಿದೆ."

ಅವರು ಇಳಿದರು. ನೀರು ಮತ್ತೆ ಕನ್ನಡಿಯಾಯಿತು. ಸೆನ್ಸರ್ ಮತ್ತೆ ಸತ್ತಿತು.

"ಜನ ಹತ್ತಿದ್ರೆ ಎತ್ತಲ್ಲ, ಜನ ಇಳಿದ್ರೆ ಅಲೆ ಇಲ್ಲ," ಎಂದು ಗಂಗಾಧರ್ ತಲೆ ಕೆರೆದುಕೊಂಡ. "ಮೇಡಂ, ನೀವು ಮಿಷಿನ್ ಮಾಡಿದ್ರೋ ಇಲ್ಲಾ ಅತ್ತೆ ಮಾಡಿದ್ರೋ?"

ಮಾನಸಾ ಹತ್ತಬೇಕಿದ್ದ ಹಡಗು ಕಣ್ಣೆದುರೇ ದೂರ ಹೋಗುತ್ತಿತ್ತು, ಅದೂ ಅಲೆಯಿಲ್ಲದೆ. ಆಗ ದಂಡೆಯಿಂದ ಪುಟ್ಟಗಂಗಮ್ಮ ಕೂಗಿದಳು.

"ಸಾಮಿ, ನಿಮ್ ಆಟ ಎಷ್ಟೊತ್ತಾದ್ರೂ ಆಡ್ಕಳಿ. ನನ್ ಎಮ್ಮೆ ನೀರಿಗಿಳ್ಯೋ ಒತ್ತಾಯ್ತು. ಸರಿಯಾಗಿ ಅವು ಇಳ್ಯೋ ಜಾಗದಲ್ಲೇ ಡ್ರಮ್ ಮಡಗಿದ್ದೀರಿ."

ಮಾನಸಾ ತಿರುಗಿ ನೋಡಿದಳು. "ಇಳಿಸಮ್ಮ. ಎಲ್ಲಾನೂ ಇಳಿಸು."

ಎಮ್ಮೆಗಳಿಗೆ ಆಹ್ವಾನ ಪತ್ರಿಕೆ ಬೇಕಿರಲಿಲ್ಲ. ಒಂದರ ಹಿಂದೊಂದು ನೀರಿಗೆ ಬಿದ್ದವು, ಮುಳುಗಿದವು, ಎದ್ದವು, ಹೊರಳಿದವು. ತೆಪ್ಪ ಕಡಲಿನ ಹಡಗಿನ ಹಾಗೆ ಏಳುತ್ತ ಬೀಳುತ್ತ ಹೋಯಿತು. ಕ್ಯಾಮೆರಾ ಎಮ್ಮೆಗಳನ್ನು ನೋಡಿಯೂ ನೋಡದಂತಿತ್ತು. ಅದಕ್ಕೆ ಕಲಿಸಿದ್ದು ಮನುಷ್ಯರನ್ನು ಮಾತ್ರ.

ಎಲ್ಲರ ಕಣ್ಣು ಸರ್ವಮಂಗಳಮ್ಮನ ಕಡೆಗೆ ಹೋಯಿತು. ಅವರು ಸ್ವಲ್ಪ ಹೊತ್ತು ಎಮ್ಮೆಗಳನ್ನು, ಸ್ವಲ್ಪ ಹೊತ್ತು ಆಕಾಶವನ್ನು ನೋಡಿದರು. "ಅಲೆ ಇರಬೇಕು ಅಂತ ನಿಯಮ ಇದೆ. ಯಾರು ಎಬ್ಬಿಸ್ಬೇಕು ಅಂತ ಇಲ್ಲ. ಮುಂದುವರೀಲಿ."

ಈಗ ಮಾನಸಾಳಿಗೆ ಉಳಿದಿದ್ದ ಭಯ ಒಂದೇ, ಕೈಗಳದು. ಅವಳು ಒಂದೊಂದು ಕೈಗೂ ಒಂದೊಂದು ಕೆಲಸ ಹುಡುಕಿಕೊಟ್ಟಳು. ಕೃಷ್ಣಕುಮಾರರ ಒಂದು ಕೈಗೆ ಮೈಕು, ಇನ್ನೊಂದಕ್ಕೆ ಛತ್ರಿ. ಮೈಕು ಸಿಕ್ಕ ಮೇಲೆ ಅವರನ್ನು ಕದಲಿಸಲು ಕ್ರೇನೇ ಬೇಕಾಗಿತ್ತು. ಗಂಗಾಧರ್ ತನ್ನ ಕೈಗಳನ್ನು ತಾನೇ ಕಂಕುಳಲ್ಲಿ ಬಂಧಿಸಿಟ್ಟುಕೊಂಡ. ಗುಬ್ಬಿಯವರಿಗೆಲ್ಲ ತಿಂಡಿಯ ತಟ್ಟೆ. ಚಿಕ್ಕರಂಗಯ್ಯ ಮಾತ್ರ ಯಾರೂ ಹೇಳದೆಯೇ ಕೈ ಹಿಂದೆ ಕಟ್ಟಿ ನಿಂತಿದ್ದರು.

ರೆಕ್ಕೆ ಎದ್ದಿತು. ತೆಪ್ಪ ಏಳುವಾಗ ಕೊಕ್ಕೆ ಇಳಿಯಿತು, ತೆಪ್ಪ ಬೀಳುವಾಗ ಕೊಕ್ಕೆ ಏರಿತು. ಕೆಳಗೆ ಎಲ್ಲವೂ ಕುಣಿಯುತ್ತಿದ್ದರೂ ರೆಕ್ಕೆ ಮಾತ್ರ ಗಾಳಿಯಲ್ಲಿ ಗೆರೆ ಎಳೆದಷ್ಟು ನೆಟ್ಟಗೆ ಸಾಗಿತು. ಕೃಷ್ಣಕುಮಾರ್ ಮೈಕಿನಲ್ಲಿ ತಮ್ಮ ತಾತನ ಕಾಲದ ಏತದಿಂದ ಶುರುಮಾಡಿದ್ದ ಭಾಷಣ ಅವರಿಗರಿವಿಲ್ಲದೆ ನಿಂತುಹೋಯಿತು. ರೆಕ್ಕೆ ಕಂಬದ ಮೇಲೆ ಬಂತು, ತಡೆದು ನಿಂತಿತು, ತೂತುಗಳನ್ನು ಹುಡುಕಿತು, ಇಳಿಯಿತು. ಬೋಲ್ಟುಗಳೆಲ್ಲ ಸದ್ದೇ ಇಲ್ಲದೆ ಒಳಗೆ ಕೂತವು.

"ಒಬ್ನೂ ಹಗ್ಗ ಹಿಡೀಲಿಲ್ಲ," ಎಂದರು ಚಿಕ್ಕರಂಗಯ್ಯ, ಯಾರಿಗೂ ಅಲ್ಲದ ಹಾಗೆ.

ಇನ್ನು ಉಳಿದದ್ದು ಕ್ರೇನಿನ ಹಗ್ಗ ಸಡಿಲವಾಗಿ ಕೊಕ್ಕೆ ಕಳಚಿಕೊಳ್ಳುವುದಷ್ಟೇ. ರೆಕ್ಕೆ ಗಟ್ಟಿಯಾಗಿ ಕೂತಿದೆಯೇ ಎಂದು ಯಂತ್ರ ತನ್ನಷ್ಟಕ್ಕೆ ತಾನು ಪರೀಕ್ಷಿಸಿಕೊಳ್ಳುತ್ತಿತ್ತು. ಮಾನಸಾ ಕೃಷ್ಣಕುಮಾರರ ಕೈ ನೋಡಿದಳು, ಗಂಗಾಧರನ ಕೈ ನೋಡಿದಳು, ತಟ್ಟೆ ಹಿಡಿದ ಕೈಗಳನ್ನೆಲ್ಲ ನೋಡಿದಳು. ಎಲ್ಲವೂ ಇರಬೇಕಾದಲ್ಲೇ ಇದ್ದವು.

ಹಲಗೆ ದಾರಿಯ ಮೇಲೆ ಸರ್ವಮಂಗಳಮ್ಮ ನಡೆದು ಹೋಗುತ್ತಿದ್ದರು. ಕೆಂಪು ಗೆರೆಯ ಅಂಚಿಗೆ ಬಂದದ್ದು ಅವರಿಗೂ ಗೊತ್ತಾಗಲಿಲ್ಲ. ಅಲ್ಲಿಂದಲೇ ಕಂಬದ ಕಡೆ ಬಗ್ಗಿ ತೂತುಗಳನ್ನು ನೋಡಿದರು. ಮೂವತ್ತು ವರ್ಷದಲ್ಲಿ ಅವರು ಎಷ್ಟು ಜಜ್ಜಿದ ಕೈಗಳನ್ನು ನೋಡಿದ್ದರೋ. ನೆಟ್ಟನೆಯ ಕತ್ತು ಒಮ್ಮೆ ಬಾಗಿತು. ಚಪ್ಪಲಿ ಬಿಟ್ಟು, ಗೆರೆಯೊಳಕ್ಕೆ ಬಲಗೈ ಚಾಚಿ ರೆಕ್ಕೆಯ ಬುಡ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ಕೆಂಪು ದೀಪ ಹತ್ತಿತು. "ಒಳಗಡೆ ಮನುಷ್ಯರಿದ್ದಾರೆ. ಕೆಲಸವನ್ನು ನಿಲ್ಲಿಸಲಾಗಿದೆ."

ಎಮ್ಮೆಗಳನ್ನು ಬಿಟ್ಟು ಉಳಿದವರೆಲ್ಲ ಕಲ್ಲಾದರು.

ಸರ್ವಮಂಗಳಮ್ಮ ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿ ದಂಡೆಗೆ ಬಂದು, "ಕೈ ತಾಗಿತು," ಎಂದರು.

"ಯಾರ್ದೂ ತಾಗಿಲ್ಲ ಮೇಡಂ," ಎಂದರು ಕೃಷ್ಣಕುಮಾರ್.

"ನಂದು ತಾಗಿತು."

"ನಿಮ್ದು ಲೆಕ್ಕಕ್ಕೆ ಬರಲ್ಲ. ಷರತ್ತಲ್ಲಿ ಮನುಷ್ಯರ ಕೈ ಅಂತ ಇರೋದು."

"ನಾನು?"

"ನೀವು ಸರ್ವೇಯರ್ ಮೇಡಂ. ನಿಮ್ಮನ್ನ ಮನುಷ್ಯರು ಅಂತ ಯಾರು ಅಂತಾರೆ?" ಮಾತು ಎಲ್ಲಿಗೆ ಹೊರಟಿತೆಂದು ಗೊತ್ತಾಗಿ ಅವರು ತಿದ್ದಲು ನೋಡಿದರು. "ದೇವ್ರು ಇದ್ದಂಗೆ ನೀವು. ದೇವ್ರು ಮುಟ್ಟಿದ್ರೆ ಅದು ಆಶೀರ್ವಾದ."

"ನಿಮ್ಮ ದನೀಲೇ ಮನುಷ್ಯರು ಅಂತ ಹೇಳ್ತಾ ಇದ್ಯಲ್ಲ ಕೃಷ್ಣಕುಮಾರ್ ಅವ್ರೇ. ನಿಮ್ಮಿಬ್ಬರಲ್ಲಿ ಯಾರನ್ನ ನಂಬಲಿ?" ಸರ್ವಮಂಗಳಮ್ಮ ಮಾನಸಾಳ ಕಡೆ ತಿರುಗಿದರು. ದನಿ ಸ್ವಲ್ಪ ಮೆತ್ತಗಾಗಿತ್ತು. "ನೋಡಮ್ಮ. ರೆಕ್ಕೆ ಕೂತಾದ್ಮೇಲೆ ಮುಟ್ಟಿದ್ದು ನಿಜ. ಕೊಕ್ಕೆ ಕಳಚಿಕೊಂಡಿದ್ರೆ ಪರೀಕ್ಷೆ ಮುಗಿದಿತ್ತು, ನಾನು ಮುಟ್ಟಿದ್ರೂ ಒಂದೇ ಬಿಟ್ರೂ ಒಂದೇ. ನಾನು ಬಗ್ಗಿದ್ದೆ, ಮೇಲೆ ನೋಡಲಿಲ್ಲ. ಇಲ್ಲಿಂದ ಬಿಸಿಲಿಗೆ ನನ್ನ ಕಣ್ಣಿಗೆ ಕಾಣ್ತಿಲ್ಲ. ಕಳಚಿಕೊಂಡಿತ್ತಾ?"

ಅವರ ಬೆನ್ನ ಹಿಂದಿನಿಂದ ಕೃಷ್ಣಕುಮಾರ್ ಮೈಕು ಛತ್ರಿ ಎರಡನ್ನೂ ಆಡಿಸುತ್ತ, ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಗಂಗಾಧರ್ ಅದಾಗಲೇ ಹೂಂಗುಟ್ಟುತ್ತ ತಲೆಯಾಡಿಸುತ್ತಿದ್ದ.

ಮಾನಸಾ ಕ್ರೇನಿನ ತುದಿ ನೋಡಿದಳು. ಹೂಂ ಎಂದರೆ ಹಡಗು. ಆದರೆ ಹೂಂ ಎಂದರೆ, ಅವಳ ಯಂತ್ರ ಕೆಲಸ ಮುಗಿದ ಮೇಲೆ ಸುಮ್ಮನೆ ಬೊಬ್ಬೆ ಹೊಡೆಯಿತು ಎಂದಾಗುತ್ತದೆ. ಅದು ಹಾಗೆ ಮಾಡಿರಲಿಲ್ಲ. ತೂಕ ಇನ್ನೂ ಕ್ರೇನಿನ ಹಗ್ಗದಲ್ಲಿರುವಾಗ ಒಂದು ಕೈ ಹತ್ತಿರ ಬಂದಿತ್ತು, ಅದು ಆ ಕೈಯನ್ನು ಉಳಿಸಿತ್ತು. ಮಾಡು ಎಂದದ್ದನ್ನೇ ಮಾಡಿತ್ತು.

"ಇಲ್ಲ ಮೇಡಂ. ಕೊಕ್ಕೆ ಇನ್ನೂ ಅಲ್ಲೇ ಇದೆ."

ಕೃಷ್ಣಕುಮಾರರ ಛತ್ರಿ ತಾನಾಗಿಯೇ ಮಡಿಸಿಕೊಂಡಿತು.

ಸರ್ವಮಂಗಳಮ್ಮ ಚೀಲದಿಂದ ಫಾರಂ ತೆಗೆದು ಒಂದು ಸಾಲು ಬರೆದರು. "ನಾನು ನೋಡಿರೋದ್ರಲ್ಲೇ ಇದು ಒಳ್ಳೇ ಯಂತ್ರ. ಅದಕ್ಕೇ ಕೈ ಹೋಯ್ತು. ಪಾಸ್ ಮಾಡಕ್ಕೆ ಆಗಲ್ಲ. ಸರ್ವೇಯರ್ ಕೈ ಬಿಟ್ಟು ಅಂತ ಷರತ್ತಲ್ಲಿ ಎಲ್ಲೂ ಬರೆದಿಲ್ಲ." ಕಾರಿನ ಬಾಗಿಲ ಹತ್ತಿರ ಒಮ್ಮೆ ನಿಂತರು. "ಮುಂದಿನ ವರ್ಷ ಬೇರೆಯವರನ್ನ ಕಳಿಸೋಕೆ ಹೇಳ್ತೀನಿ. ದೇವ್ರಲ್ಲಿ ನಂಬಿಕೆ ಇಲ್ಲದವ್ರನ್ನ."

ಕಾರು ಕುಣಿಗಲ್ ದಾರಿ ಹಿಡಿಯಿತು. ಪುಟ್ಟಗಂಗಮ್ಮ ಎಮ್ಮೆ ಹೊಡೆದುಕೊಂಡು ಹೊರಟಳು. ಗುಬ್ಬಿಯವರು ತಟ್ಟೆಗಳನ್ನು ಕೆಳಗಿಟ್ಟು ಮಾನಸಾಳನ್ನು ಸಮಾಧಾನ ಮಾಡಲು ಎದ್ದು ಬಂದರು. ಆದರೆ ಅವಳ ಹತ್ತಿರ ನಿಲ್ಲದೆ ಹಲಗೆ ದಾರಿಯಲ್ಲಿ ಮುಂದೆ ಸಾಗಿ, ಅಷ್ಟು ದೊಡ್ಡ ಹೆಂಗಸೇ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆ ನಮ್ಮದೇನು ಎಂದು ಒಬ್ಬರಾದ ಮೇಲೊಬ್ಬರು ರೆಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. ಗಂಗಾಧರನ ಕೈಗಳಿಗೂ ಜಾಮೀನು ಸಿಕ್ಕಿತು.

ಚಿಕ್ಕರಂಗಯ್ಯ ಮಗಳ ಪಕ್ಕ ಬಂದು ನಿಂತರು. "ಹೂಂ ಅಂದಿದ್ರೆ ಆಯ್ತಿತ್ತು."

"ಆಯ್ತಿತ್ತು."

"ಅನ್ನಲಿಲ್ಲ."

"ಇಲ್ಲ ಕಣಪ್ಪ."

ಅವರು ಹಿಂದೆ ಕಟ್ಟಿದ್ದ ಕೈ ಬಿಚ್ಚಿ, ಮೂರು ಬೆರಳಲ್ಲಿ ಅವಳ ತಲೆ ಸವರಿದರು. "ನಾನೂ ಒಂದ್ಸಲ ಮುಟ್ಟಿ ಬರ್ಲೇನವ್ವ? ಹೆಂಗೂ ಹೋಯ್ತಲ್ಲ."

"ಹೋಗು."

ಮಾನಸಾ ಸ್ವಿಚ್ಚಿನ ಮುಂದೆ ಕೂತಳು. ಗೆರೆಯೊಳಗೆ ಜನ ಇರುವವರೆಗೆ ಯಂತ್ರ ಕೊಕ್ಕೆ ಬಿಡುವುದಿಲ್ಲ, ಕೊಕ್ಕೆ ಬಿಡದೆ ಕ್ರೇನು ಕಟ್ಟಿಕೊಂಡು ಹಿರೇಹಳ್ಳಿಗೆ ಹೊರಡುವಂತಿಲ್ಲ. ದಯವಿಟ್ಟು ಸ್ವಲ್ಪ ಹಿಂದೆ ಬನ್ನಿ ಎಂದು ಅವಳು ಮೈಕಿನಲ್ಲಿ ಕೇಳಿಕೊಂಡಳು. ಎಲ್ಲರೂ ಅವಳ ಕಡೆ ತಿರುಗಿ ಪಾಪ ಎಂದರು. ಒಬ್ಬರೂ ಹಿಂದೆ ಸರಿಯಲಿಲ್ಲ.